ಪಡುವಲ ಗೋಡೆಗೆ ಮುಚ್ಚಳ

ಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕಿಸುವುದು ಏನು ಮಹಾ ವಿದ್ಯೆ? ಮೋಸ ಹೋಗದಿದ್ದರೆ ಆಯಿತು. ಮೋಸ ಹೋಗದಿರುವ ವಿಷಯದಲ್ಲಿ ಇಡೀ ಹೊಳೆನರಸೀಪುರದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆಗಿತ್ತು!

ನಾನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ಈಗ ನಿವೃತ್ತ. ಆದರೆ ಕಣ್ಣಿಗೆ ನಿವೃತ್ತಿಯಾಗಿಲ್ಲ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ದಾರಿಯ ಬಸ್ಸೇ ಆಗಲಿ, ಹತ್ತಿದೊಡನೆ ಯಾರ ಹತ್ತಿರ ಟಿಕೆಟ್ ಇಲ್ಲವೆಂದು ಮುಖ ನೋಡಿಯೇ ಹೇಳುತ್ತಿದ್ದೆ. ಕಿಟಕಿಯಾಚೆ ಅತಿ ಆಸಕ್ತಿಯಿಂದ ನೋಡುವವನ ಹತ್ತಿರ ಇರುವುದಿಲ್ಲ. ಇದ್ದಕ್ಕಿದ್ದಂತೆ ನಿದ್ದೆ ಹೋದವನ ಹತ್ತಿರವೂ ಇರುವುದಿಲ್ಲ. ನನ್ನನ್ನು ಕಂಡು ನಕ್ಕವನ ಹತ್ತಿರವಂತೂ ಖಂಡಿತ ಇರುವುದಿಲ್ಲ! ಹೀಗೆ ವರ್ಷಗಟ್ಟಲೆ ಅನುಮಾನಪಟ್ಟು ಸಂಬಳ ತೆಗೆದುಕೊಂಡವನಿಗೆ, ಸಂಬಳ ನಿಂತ ಮೇಲೂ ಅನುಮಾನ ಬಿಡಲಿಲ್ಲ. ಮನೆಗೆ ಬಂದ ನೆಂಟರು ನಕ್ಕರೂ ನನ್ನ ಕೈ ತಾನಾಗಿ ಮುಂದಕ್ಕೆ ಚಾಚುತ್ತದೆ. ಅವರು ಪಾಪ, ಕೈ ಕುಲುಕುತ್ತಾರೆ.

ನಮ್ಮದು ಅಜ್ಜ ಕಟ್ಟಿಸಿದ ಮಣ್ಣುಗೋಡೆಯ ಮನೆ. ನಡುಮನೆಯ ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಮಲಗಬಹುದು. ಆದರೆ ನಮ್ಮ ತಂದೆಯವರಿಗೆ ಒಮ್ಮೆ 'ಮಾಡರ್ನ್' ಆಗುವ ಹುಮ್ಮಸ್ಸು ಬಂದು, ಮುಂದಿನ ಹಜಾರದ ಪಡುವಲ ಗೋಡೆಯನ್ನು ಕೆಡವಿಸಿ ಸಿಮೆಂಟ್ ಬ್ಲಾಕಿನ ತೆಳ್ಳನೆ ಗೋಡೆ ಎಬ್ಬಿಸಿದರು. ಹಜಾರ ಒಂದು ಮೊಳ ಅಗಲವಾಯಿತು. ಬಿಸಿಲೂ ಒಳಗೆ ಬಂತು. ಬೇಸಿಗೆಯ ಮಧ್ಯಾಹ್ನ ಆ ಗೋಡೆಗೆ ಬೆನ್ನು ಕೊಟ್ಟು ಕೂತವರು ಯಾರೂ ಎರಡನೇ ಸಲ ನಮ್ಮ ಮನೆಗೆ ಬಂದಿಲ್ಲ. ಎಷ್ಟೋ ನೆಂಟರ ವಿಷಯದಲ್ಲಿ ಅದು ಅನುಕೂಲವೇ ಆಗಿತ್ತು.

ತೊಂದರೆ ಶುರುವಾದದ್ದು ನಮ್ಮ ಮಗಳು ಪವಿತ್ರಳಿಗೆ ಗಂಡು ನೋಡಲು ಹೊರಟಾಗ. ಅವಳು ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಮೊದಲು ಬಂದವರು ಹಳ್ಳಿಮೈಸೂರಿನ ಕಡೆಯವರು. ಹುಡುಗನ ತಂದೆಗೆ ನಾನು ಗೌರವದಿಂದ ಪಡುವಲ ಗೋಡೆಯ ಪಕ್ಕದ ಕುರ್ಚಿಯನ್ನೇ ಕೊಟ್ಟೆ. ಏಕೆಂದರೆ ಅಲ್ಲಿಂದ ಷೋಕೇಸು ಚೆನ್ನಾಗಿ ಕಾಣುತ್ತದೆ. ಅವರು ಮೊದಲು ಶಲ್ಯ ತೆಗೆದರು. ಆಮೇಲೆ ಕೋಟು ತೆಗೆದರು. ಆಮೇಲೆ ಅಂಗಿಯ ಗುಂಡಿಗೆ ಕೈ ಹಾಕಿದ್ದನ್ನು ಕಂಡು ಅವರ ಹೆಂಡತಿಯೇ, "ಏಳ್ರೀ, ಆಚೆ ಹೋಗಾಣ" ಎಂದರು. ಆಚೆ ಹೋದವರು ಈಚೆ ಬರಲಿಲ್ಲ. ಪವಿತ್ರ ಕಾಫಿ ತಟ್ಟೆ ಹಿಡಿದು ಬಂದಾಗ ಹಜಾರದಲ್ಲಿ ನಾನೊಬ್ಬನೇ ಇದ್ದೆ. ಅಷ್ಟೂ ಕಾಫಿ ನಾನೇ ಕುಡಿದೆ!

ಈಗ ಬಂದ ಸಂಬಂಧ ಚನ್ನರಾಯಪಟ್ಟಣದ್ದು. ಹುಡುಗ ಕಿರಣ, ದನದ ಡಾಕ್ಟರು. ಎರಡೂ ಮನೆಯವರು ಒಪ್ಪಿ ಇಬ್ಬರಿಗೂ ಫೋನಿನಲ್ಲಿ ಮಾತಾಡಲು ಬಿಟ್ಟಿದ್ದೆವು. ಏನು ಮಾತಾಡುತ್ತಾರೋ ಎಂದು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಒಂದು ಎಮ್ಮೆಯ ಹೆರಿಗೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು, ಮಗಳು ಅದಕ್ಕೆ ನಕ್ಕಳು! ಅವಳು ಅಷ್ಟು ಮನಸಾರೆ ನಕ್ಕದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು. ತನ್ನಮ್ಮನಿಗೆ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಅಮ್ಮಾ, ನಂಗೆ ಇದೇ ಆಗ್ಬೇಕು. ಇದು ತಪ್ಪೋದ್ರೆ ಇನ್ಯಾರ ಮುಂದೇನೂ ಕಾಫಿ ತಟ್ಟೆ ಹಿಡ್ಕೊಂಡು ನಿಂತ್ಕೊಳ್ಳಲ್ಲ." ಅವಳು ಹೇಳಿದ ಮೇಲೆ ಮುಗಿಯಿತು.

ಹುಡುಗನ ಕಡೆಯವರು ಭಾನುವಾರ ಮಧ್ಯಾಹ್ನ ಮೂರಕ್ಕೆ ಬರುತ್ತೇವೆ ಎಂದರು. ಬೆಳಿಗ್ಗೆ ಬನ್ನಿ ಎಂದರೆ ಹುಡುಗನಿಗೆ ಡ್ಯೂಟಿ. ಸಂಜೆ ಬನ್ನಿ ಎಂದರೆ ನಾಲ್ಕೂವರೆಗೆ ರಾಹುಕಾಲ. ಗೋಡೆ ಕಾದು ಕೆಂಡವಾಗುವ ಹೊತ್ತೇ ಅವರಿಗೆ ಶುಭಮುಹೂರ್ತವಾಯಿತು.

"ರೀ, ನಮ್ಮ ಹುಡುಗಿ ಬಾಳು ಈಗ ನಿಮ್ಮಪ್ಪನ ಗೋಡೆ ಕೈಲಿದೆ. ಏನಾದ್ರೂ ಮಾಡಿ" ಎಂದಳು ನನ್ನ ಹೆಂಡತಿ ಸರ್ವಮಂಗಳ.

ಮಾಡಿದೆ. ಪರಿಚಯದ ಗಾರೆಯವನನ್ನು ಕೇಳಿದೆ. ಒಳಗಡೆ ಇನ್ನೊಂದು ಇಟ್ಟಿಗೆ ಗೋಡೆ ಎಬ್ಬಿಸಿ ಎಂದ. ಅವನ ಭಾವಮೈದನ ಇಟ್ಟಿಗೆ ಗೂಡು ಇಟ್ಟಿದ್ದಾನೆಂದು ಪತ್ತೆ ಹಚ್ಚಿ ಅವನನ್ನು ಕೈಬಿಟ್ಟೆ. ಎದುರುಮನೆಯ ಮೇಷ್ಟ್ರು, ಹೊರಗಡೆ ಸುಮ್ಮನೆ ಸುಣ್ಣ ಬಳಿಸಿ ಸಾಕು ಎಂದರು. ಪುಕ್ಕಟೆ ಸಲಹೆ! ಇದರಲ್ಲಿ ಏನೋ ಇದೆ ಎಂದುಕೊಂಡು ಅವರನ್ನೂ ಕೈಬಿಟ್ಟೆ. ಕೊನೆಗೆ ಹಾಸನದ ಒಂದು ಅಂಗಡಿಗೆ ಫೋನು ಮಾಡಿದೆ. ಗೋಡೆಗೆ ಶಾಖ ತಡೆಯುವ ಶೀಟು ಕೂರಿಸುವವರು. "ಗುರುವಾರ ನಮ್ಮವರು ಬಂದು ಗೋಡೆ ನೋಡಿ ರೇಟ್ ಹೇಳ್ತಾರೆ ಸರ್" ಎಂದರು. ಗೋಡೆ ನೋಡಿ ಅಲ್ಲ, ಗೋಡೆಯ ಯಜಮಾನನ ಮುಖ ನೋಡಿ ರೇಟ್ ಹೇಳುತ್ತಾರೆ ಎಂಬುದು ನನಗೆ ಗೊತ್ತಿಲ್ಲವೇ? ಮುಖ ಬಾಡಿಸಿಕೊಂಡು ಕೂರಬೇಕೆಂದು ಅಂದೇ ತೀರ್ಮಾನಿಸಿದೆ.

ಶೀಟುಗಳನ್ನು ಮಾತ್ರ ಅವರಿಂದ ಕೊಳ್ಳಬಾರದೆಂದು ಗುಜರಿ ಅಂಗಡಿಗೆ ಹೋದೆ. ಅಲ್ಲಿ ನನ್ನ ಅದೃಷ್ಟಕ್ಕೆ ಥರ್ಮಾಕೋಲ್ ಪೆಟ್ಟಿಗೆಗಳ ಮುಚ್ಚಳಗಳು ರಾಶಿ ಬಿದ್ದಿದ್ದವು. ಒಂದೊಂದೂ ಎರಡು ಬೆರಳು ದಪ್ಪ. ಇದಕ್ಕಿಂತ ಇನ್ನೇನು ಬೇಕು! "ಯಾವ ಪೆಟ್ಟಿಗೇದು?" ಎಂದು ಕೇಳಿದೆ. "ಯಾವ್ದೋ ಸಾ, ನಿಮಗ್ಯಾಕೆ?" ಎಂದ. ಅವನ ಉತ್ತರದಲ್ಲಿ ಅನುಮಾನಕ್ಕೆ ಎಡೆಯಿತ್ತು. ಆದರೆ ಅವನು ಹೇಳಿದ ರೇಟಿನಲ್ಲಿ ಇರಲಿಲ್ಲ! ಜೀವನದಲ್ಲಿ ಅದೊಂದೇ ಸಲ ನಾನು ಅನುಮಾನಪಡದೆ ಸುಮ್ಮನಾದೆ.

ಮನೆಗೆ ತಂದು ತಿರುಗಿಸಿ ನೋಡಿದರೆ ಪ್ರತಿಯೊಂದು ಮುಚ್ಚಳದ ಮೇಲೂ ಬಾಯಿ ತೆರೆದ ಒಂದು ನೀಲಿ ಮೀನಿನ ಚಿತ್ರ! ನಮ್ಮದು ತಲೆತಲಾಂತರದಿಂದ ಲಿಂಗಪೂಜೆಯ ಮನೆ. ಈರುಳ್ಳಿ ಕರಿದ ವಾಸನೆ ದೇವರಮನೆಗೆ ಹೋದರೂ ಸರ್ವಮಂಗಳ ಬಾಗಿಲು ಹಾಕುತ್ತಾಳೆ. ಅದೃಷ್ಟಕ್ಕೆ ಅಂದು, ಸ್ಕೂಲಿಗೆ ಬೇಸಿಗೆ ರಜವಾದ್ದರಿಂದ, ಅಮ್ಮ ಮಗಳಿಬ್ಬರೂ ಅರಕಲಗೂಡಿಗೆ, ಸರ್ವಮಂಗಳಳ ತವರಿಗೆ ಹೋಗಿದ್ದರು. ಹಿತ್ತಲಿನಲ್ಲಿ ಕೂತು ಸೋಪು, ಫಿನಾಯಿಲ್ ಹಾಕಿ ಮುಚ್ಚಳಗಳನ್ನು ಉಜ್ಜಿದೆ. ಮೂಸಿ ನೋಡಿದೆ, ಫಿನಾಯಿಲ್ ಬಿಟ್ಟು ಬೇರೆ ವಾಸನೆಯಿಲ್ಲ. ಮೀನಿನ ಚಿತ್ರಗಳ ಮೇಲೆ ಹಳೇ ಪೇಪರು ಅಂಟಿಸಿದೆ. ಇಷ್ಟಾದ ಮೇಲೆ ಇನ್ಯಾರಿಗೆ ಗೊತ್ತಾಗುತ್ತದೆ? ಹಾಸನದವನು ಬಂದರೆ ಅಂಟಿಸುವ ಕೂಲಿ ಕೊಟ್ಟು ಕಳಿಸುವುದು ಎಂದು ನಿಶ್ಚಯಿಸಿದೆ.

ಬುಧವಾರ ಸಂಜೆ ಸರ್ವಮಂಗಳ ಇನ್ನೊಂದು ವಿಷಯ ಹೇಳಿದಳು. "ಹುಡುಗನ ಕಡೆಯವರು ಈ ವಾರ ಯಾರನ್ನಾದ್ರೂ ಕಳಿಸಿ ವಿಚಾರಿಸಬಹುದು. ಹುಷಾರಾಗಿರಿ."

ನಮ್ಮ ಕಡೆ ಇದು ಇದ್ದದ್ದೇ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಗಂಡಿನ ಕಡೆಯ ಹಿರಿಯರೊಬ್ಬರು ಗುಟ್ಟಾಗಿ ಬಂದು ಹೆಣ್ಣಿನ ಮನೆಯನ್ನು ಅಳೆದು ಹೋಗುತ್ತಾರೆ. ನಾನು ಇಂಥವನು ಎಂದು ಹೇಳುವುದಿಲ್ಲ. ಬಾಡಿಗೆಗೆ ಮನೆ ಇದೆಯಾ, ಹಸು ಮಾರ್ತೀರಾ, ಕುಡಿಯೋಕೆ ನೀರು ಕೊಡ್ತೀರಾ ಎಂದು ಏನಾದರೊಂದು ನೆಪ ಹಿಡಿದು ಬರುತ್ತಾರೆ.

"ನನ್ನ ಮುಂದೆ ವೇಷ ಮರೆಸ್ಕೊಂಡು ಬರೋದಾ? ಟಿಕೆಟ್ ಇಲ್ಲದೋರನ್ನ ಹಿಂದಿನ ಸೀಟಿಂದ ಹೆಕ್ಕಿ ತೆಗೆದವನು ನಾನು!" ಎಂದೆ.

ಸರ್ವಮಂಗಳ ಒಳಗೆ ಹೋಗಿ ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದಳು. ಆ ದೀಪ ಕಂಡಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಗುರುವಾರ ಬೆಳಿಗ್ಗೆ ಮನೆಯ ಮುಂದೆ ಬಿಳಿ ಕಾರು ನಿಂತಿತು. ಇಳಿದವನು ಗರಿಗರಿ ಬಿಳಿ ಅಂಗಿ, ಬಿಳಿ ಪಂಚೆ, ಹಣೆಯಲ್ಲಿ ಮೂರು ಬೆರಳು ವಿಭೂತಿ. ಕೈಮುಗಿದು ನಕ್ಕ. ನಕ್ಕ!

"ಲೋಕೇಶ್ ಅಂತ ಸರ್. ಹಾಸನದಿಂದ ಬಂದಿದ್ದೀನಿ. ಗೋಡೆ ನೋಡ್ಬೇಕಿತ್ತು."

ಗೋಡೆ ಕೆಲಸದವನಿಗೆ ಇಸ್ತ್ರಿ ಪಂಚೆ! ಸಿಕ್ಕಿಬಿದ್ದೆಯಪ್ಪಾ ಎಂದುಕೊಂಡೆ. ಒಳಗೆ ಕೂರಿಸಿದೆ. ಅವನು ಸುತ್ತ ನೋಡಿ, "ಸ್ವಂತ ಮನೇನಾ ಸರ್? ಮನೇಲಿ ಎಷ್ಟು ಜನ ಇರ್ತೀರಾ?" ಎಂದು ಕೇಳಿದ. ಇನ್ನೇನು ಸಾಕ್ಷಿ ಬೇಕು? ಓಡಿಹೋಗಿ ಸರ್ವಮಂಗಳಳ ಕಿವಿಯಲ್ಲಿ ಊದಿದೆ. ಕೇಸರಿಬಾತು ಬಂತು, ಬೋಂಡ ಬಂತು.

"ಅಪ್ಪಾ, ಅವ್ರು ನಿಜವಾಗ್ಲೂ ಗೋಡೆಯವರು. ಕಾರಲ್ಲಿ ಶೀಟು ಇಟ್ಟಿದ್ದಾರೆ, ನೋಡಿದೆ" ಎಂದಳು ಪವಿತ್ರ.

"ಎಲ್ಲಾ ನಾಟಕ. ನೀನು ಸೆರಗು ಸರಿ ಮಾಡ್ಕೊಂಡು ಕಾಫಿ ತಾ" ಎಂದೆ.

ಆಮೇಲೆ ಶುರು ಮಾಡಿದೆ. ಮನೆ ಸ್ವಂತದ್ದು, ಯಾವ ತಂಟೆ ತಕರಾರೂ ಇಲ್ಲ, ಸಾಲಗಾಮೆ ಕಡೆ ಜಮೀನಿದೆ (ಇಲ್ಲ), ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ಯೋಚನೆಯಿದೆ (ಇಲ್ಲವೇ ಇಲ್ಲ), ಖರ್ಚಿಗೆ ನಾವು ಹಿಂದೆ ಮುಂದೆ ನೋಡುವವರಲ್ಲ! ಲೋಕೇಶನ ಮುಖ ಅರಳುತ್ತಲೇ ಹೋಯಿತು. ಟೇಪು ತೆಗೆದು ಗೋಡೆ ಅಳೆದ. ಅಭಿನಯವೆಂದರೆ ಅಭಿನಯ! ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ.

"ಹಂಗಾದ್ರೆ ಮೇಲಿನ ಕ್ವಾಲಿಟೀನೇ ಹಾಕಿಬಿಡೋಣ ಸರ್. ನಾಲ್ಕೂ ಗೋಡೆಗೂ ಹಾಕೋಣ. ಯಾವಾಗ ಬರ್ಲಿ?" ಎಂದ.

"ಭಾನುವಾರ ಮೂರಕ್ಕೆ ಅಂತ ಮಾತಾಗಿದೆಯಲ್ಲ! ನಮ್ಮ ಕಡೆಯಿಂದ ಪೂರ್ಣ ಒಪ್ಪಿಗೆ. ಎಲ್ಲರನ್ನೂ ಕರ್ಕೊಂಡೇ ಬನ್ನಿ" ಎಂದು ಕಣ್ಣು ಮಿಟುಕಿಸಿದೆ. ಅವನು ಸ್ವಲ್ಪ ಗಾಬರಿಯಾದ. ಗುಟ್ಟು ರಟ್ಟಾದವನಿಗೆ ಗಾಬರಿ ಸಹಜ ಎಂದುಕೊಂಡು, ಸರ್ವಮಂಗಳ ಕೊಟ್ಟ ಎಲೆ ಅಡಿಕೆ ಅವನ ಕೈಗಿಟ್ಟು ಕಾರಿನವರೆಗೂ ಬಿಟ್ಟು ಬಂದೆ.

ಮಧ್ಯಾಹ್ನ ತಾಯಿ ಮಗಳು ರವಿಕೆ ತರಲು ಟೈಲರ್ ಅಂಗಡಿಗೆ ಹೋದರು. ನಾನು ಜಗಲಿಗೆ ಬಂದು ನೋಡುತ್ತೇನೆ, ಯಾರೋ ಒಬ್ಬ ನಮ್ಮ ಪಡುವಲ ಗೋಡೆಯ ಹೊರಗೆ ನಿಂತು ಬೆರಳಿನಿಂದ ಕುಟ್ಟಿ ಕುಟ್ಟಿ ನೋಡುತ್ತಿದ್ದಾನೆ. ಮಾಸಿದ ಅಂಗಿ, ಹೆಗಲ ಮೇಲೆ ಟವೆಲ್ಲು, ಪಕ್ಕದಲ್ಲಿ ಹಳೇ ಮೊಪೆಡ್ಡು. ಓಹೋ, ಇವನೇ ಹಾಸನದ ಗೋಡೆಯವನು!

"ಏನ್ರೀ, ಗೋಡೆ ನೋಡೋಕೆ ಬಂದ್ರಾ?" ಎಂದು ಗದರಿದೆ.

ಆತ ಬೆಚ್ಚಿಬಿದ್ದ. "ಊಂ... ಊಂ ಸಾ. ಗ್ವಾಡೆ ನೋಡಾನ ಅಂತಾನೇಯ ಬಂದೆ."

"ಬೆಳಿಗ್ಗೆ ಬರೋದಲ್ವಾ?"

"ದಾರೀಲಿ ಗಾಡಿ ಕೆಟ್ಟೋಯ್ತು ಸಾ" ಎಂದು ಬೀದಿಯ ಕಡೆ ನೋಡಿದ. ಸುಳ್ಳು ಹೇಳುವವನ ನೋಟ! ಗುರುತು ಸಿಕ್ಕಿತು ನನಗೆ. ಇಂಥವನ ಹತ್ತಿರ ಹುಷಾರಾಗಿರಬೇಕು ಎಂದು ಮುಖ ಬಾಡಿಸಿಕೊಂಡು ಒಳಗೆ ಕರೆದುಕೊಂಡು ಬಂದೆ.

ಒಳಗೆ ಬಂದವನು ಸುಮ್ಮನಿರಲಿಲ್ಲ. "ಮನೆ ಬಲೇ ಅಳೇದು. ನಿಮ್ದೇಯಾ ಸಾ?" ಎಂದ. ನೋಡಿ, ರೇಟ್ ಏರಿಸುವ ಪೀಠಿಕೆ!

"ಎಲ್ಲಿ ನಂದು? ನನ್ನ ತಮ್ಮ ಕೋರ್ಟಿಗೆ ಹಾಕಿದಾನೆ. ಇವತ್ತೋ ನಾಳೆಯೋ ಖಾಲಿ ಮಾಡ್ಸೋದು" ಎಂದೆ. ನನಗೆ ತಮ್ಮನೇ ಇಲ್ಲ.

"ಅಯ್ಯೋ ಪಾಪ. ಮಗಳವ್ರೆ ಅಂತ ಕೇಳ್ದೆ?"

ಮದುವೆ ಮನೆ ಎಂದು ಗೊತ್ತಾದರೆ ರೇಟು ಎರಡರಷ್ಟು! "ಇದಾಳೆ. ಮದುವೆ ಗಿದುವೆ ಎಲ್ಲಾ ಆಗೋ ಹಂಗಿಲ್ಲ ಬಿಡಿ. ಈ ಮನೆಗೆ ಯಾರು ಬರ್ತಾರೆ? ಒಬ್ಬರು ಬಂದಿದ್ರು, ಕಾಫಿನೂ ಕುಡೀದೆ ಎದ್ದೋದ್ರು."

"ಯಾಕ್ ಸಾ?"

"ಅದನ್ನೆಲ್ಲಾ ಹೇಳೋ ಹಂಗಿಲ್ಲ ಬಿಡಿ" ಎಂದು ನಿಟ್ಟುಸಿರು ಬಿಟ್ಟೆ. ನಿಟ್ಟುಸಿರು ಬಹಳ ಚೆನ್ನಾಗಿ ಬಂತು.

ಆತ ಎದ್ದು ಹೊರಡಲು ನೋಡಿದ. ಬಿಡುತ್ತೇನೆಯೇ? ಏಣಿ ತಂದಿಟ್ಟೆ, ಅಂಟಿನ ಡಬ್ಬಿ ಕೈಗೆ ಕೊಟ್ಟೆ, ಮುಚ್ಚಳಗಳ ರಾಶಿ ತೋರಿಸಿದೆ. "ಇವೆಲ್ಲಿ ತಂದ್ರಿ ಸಾ?" ಎಂದು ಕೇಳಿದ. "ಬೆಂಗಳೂರಿಂದ ತರಿಸಿದ್ದು. ಫಾರಿನ್ ಮಾಲು" ಎಂದೆ. ಆತ ನನ್ನ ಮುಖ ನೋಡಿದ, ಏಣಿ ನೋಡಿದ, ಬಾಗಿಲು ನೋಡಿದ. ಬಾಗಿಲಲ್ಲಿ ನಾನು ನಿಂತಿದ್ದೆ. ಕೊನೆಗೆ ಟವೆಲ್ಲು ತಲೆಗೆ ಸುತ್ತಿ ಏಣಿ ಹತ್ತಿದ.

ಕೆಲಸ ಅಂತೂ ಬರುತ್ತಿರಲಿಲ್ಲ. ಮೊದಲ ಮುಚ್ಚಳ ಗೋಡೆಗೆ ಅಂಟುವ ಬದಲು ಅವನ ಅಂಗಿಗೆ ಅಂಟಿತು. "ಏನಯ್ಯಾ, ಎಷ್ಟು ದಿನದಿಂದ ಈ ಕೆಲಸ ಮಾಡ್ತಿದ್ದೀಯಾ?" ಎಂದು ಏಕವಚನಕ್ಕೆ ಇಳಿದೆ. "ಇವತ್ತೇಯ ಸಾ" ಎಂದ. ಪ್ರಾಮಾಣಿಕತೆ ಮೆಚ್ಚಿದೆ, ಆದರೆ ಬಿಡಲಿಲ್ಲ. ಕೆಳಗೆ ನಿಂತು, ಎಡಕ್ಕೆ ತಗೋ, ಬಲಕ್ಕೆ ಒತ್ತು ಎನ್ನುತ್ತಾ ಇಡೀ ಗೋಡೆ ಅವನ ಕೈಲೇ ಮುಗಿಸಿದೆ. ಮೇಲೆ ಹೂವಿನ ಚಿತ್ತಾರದ ಕಾಗದವನ್ನೂ ಅವನ ಕೈಲೇ ಅಂಟಿಸಿದೆ. ಕೂಲಿ ಕೊಡಲು ಹೋದರೆ ಆತ ಕೈಮುಗಿದು, "ಬ್ಯಾಡ ಸಾ, ನಿಮ್ ಕಷ್ಟ ನಿಮಗದೆ" ಎಂದು ಮೊಪೆಡ್ಡು ಹತ್ತಿ ಹೊರಟೇಬಿಟ್ಟ.

ಕೂಲಿ ಬೇಡ ಎನ್ನುವ ಕೆಲಸಗಾರ! ಇಂಥ ಅನುಮಾನಾಸ್ಪದ ಪ್ರಕರಣವನ್ನು ನನ್ನ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲ. ತಕ್ಷಣ ಒಳಗೆ ಹೋಗಿ ಬೆಳ್ಳಿ ಲೋಟ, ಹಿತ್ತಾಳೆ ಬಿಂದಿಗೆ ಎಲ್ಲಾ ಇವೆಯೇ ಎಂದು ಪರೀಕ್ಷಿಸಿದೆ. ಇದ್ದವು. ಅನುಮಾನ ಇನ್ನೂ ಹೆಚ್ಚಾಯಿತು.

ಆದರೆ ಸಂಜೆ ಹಜಾರ ನಿಜಕ್ಕೂ ತಂಪಾಗಿತ್ತು. ಸರ್ವಮಂಗಳ ಗೋಡೆಗೆ ಕೈಯಿಟ್ಟು ನೋಡಿ, "ಪರವಾಗಿಲ್ಲ ಕಣ್ರೀ, ಒಂದು ಕೆಲಸ ನೆಟ್ಟಗೆ ಮಾಡಿದ್ರಿ" ಎಂದಳು. ಮದುವೆಯಾದಂದಿನಿಂದ ಆ ಮಾತಿಗೆ ಕಾದಿದ್ದೆ.

ಶುಕ್ರವಾರ ಮಧ್ಯಾಹ್ನ ಗೋಡೆಗೆ ಸರಿಯಾಗಿ ಬಿಸಿಲು ಬಿತ್ತು. ಸರ್ವಮಂಗಳ ಮೂಗು ಮೇಲೆತ್ತಿದಳು. "ಏನ್ರೀ ಇದು ವಾಸನೆ?" ನನಗೂ ಬಂತು. ತಿಳಿಯಿತು. "ಹೊಸ ಅಂಟು ಒಣಗೋ ವಾಸನೆ" ಎಂದೆ. "ಇಲಿ ಸತ್ತಿರಬೇಕು" ಎಂದು ಅವಳು ಮಂಚದ ಕೆಳಗೆಲ್ಲ ಹುಡುಕಿದಳು. ನಾನೂ ಅವಳ ಜೊತೆ ಇಲ್ಲದ ಇಲಿಯನ್ನು ಶ್ರದ್ಧೆಯಿಂದ ಹುಡುಕಿದೆ. ಸಂಜೆಯ ಹೊತ್ತಿಗೆ ಬೀದಿಯ ಬೆಕ್ಕುಗಳೆಲ್ಲ ನಮ್ಮ ಕಿಟಕಿಯ ಮೇಲೆ ಸಾಲಾಗಿ ಕೂತು ಒಳಗಿನ ಗೋಡೆಯನ್ನೇ ಭಕ್ತಿಯಿಂದ ನೋಡುತ್ತಿದ್ದವು. ಶನಿವಾರ ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿದೆ, ಸಾಂಬ್ರಾಣಿ ಹಾಕಿದೆ. ನಿಜ ಹೇಳಿ ಕಿತ್ತುಹಾಕಿಬಿಡಬೇಕಿತ್ತು. ಆದರೆ ಒಂದು ಕೆಲಸ ನೆಟ್ಟಗೆ ಮಾಡಿದ್ರಿ ಎಂದಿದ್ದಳಲ್ಲ, ಬಾಯಿ ಬರಲಿಲ್ಲ.

ಭಾನುವಾರ ಮೂರು ಗಂಟೆಗೆ ಸರಿಯಾಗಿ ಬಿಳಿ ಕಾರು ಬಂತು. ಹಿಂದೆಯೇ ಒಂದು ಟೆಂಪೋ. ಎಲ್ಲರನ್ನೂ ಕರ್ಕೊಂಡು ಬನ್ನಿ ಎಂದಿದ್ದೆನಲ್ಲ, ಬಂದಿದ್ದರು! ಲೋಕೇಶನನ್ನೂ ಅವನ ಹಿಂದೆ ಇಳಿದ ನಾಲ್ಕೈದು ಜನರನ್ನೂ ಕಾಲಿಗೆ ನೀರು ಕೊಟ್ಟು, ಜಮಖಾನದ ಮೇಲೆ ಕೂರಿಸಿ, ಪನ್ನೀರು ಚಿಮುಕಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ವಮಂಗಳ ಬಾಗಿಲ ಸಂದಿಯಿಂದ ಇಣುಕಿ ನನ್ನನ್ನು ಕೈಸನ್ನೆಯಿಂದ ಕರೆದಳು.

"ರೀ, ಇವರಲ್ಲಿ ಹುಡುಗ ಯಾರು?"

ನೋಡಿದೆ. ಒಬ್ಬನ ಕೈಯಲ್ಲಿ ಡ್ರಿಲ್ಲಿಂಗ್ ಮಷೀನು. ಇನ್ನೊಬ್ಬನ ಕೈಯಲ್ಲಿ ಗರಗಸ. ಮೂರನೆಯವನು ತಲೆಗೆ ಪ್ಲಾಸ್ಟಿಕ್ ಕವರು ಕಟ್ಟಿ ಸಿದ್ಧನಾಗಿದ್ದ. ಹೆಣ್ಣು ನೋಡಲು ಬಂದವರು ಹೀಗೆ ಬರುತ್ತಾರೆಯೇ ಎಂದು ಯೋಚಿಸುತ್ತಿದ್ದಂತೆ ಲೋಕೇಶ್ ಎದ್ದು ಬಂದು, "ಸರ್, ಉಪಚಾರ ಆಮೇಲೆ. ಬೆಳಕಿದ್ದಂಗೆ ಕೆಲಸ ಶುರು ಮಾಡ್ಬಿಡ್ಲಾ? ಅಲ್ಲ ಸರ್, ಈ ಗೋಡೆಗೆ ಆಗ್ಲೇ ಯಾರೋ ಏನೋ ಹಾಕಿದಾರಲ್ಲ?" ಎಂದ.

ಆಗ ಇನ್ನೊಂದು ಕಾರು ಬಂದು ನಿಂತಿತು.

ಅದರಿಂದ ಕಿರಣ ಇಳಿದ. ಅವನ ತಂದೆ ತಾಯಿ ಇಳಿದರು. ಕೊನೆಗೆ ಜರಿ ಶಲ್ಯ ಹೊದ್ದು, ಬೆಳ್ಳಿಕಟ್ಟಿನ ಕೋಲು ಹಿಡಿದು, ಗಂಭೀರವಾಗಿ ಒಬ್ಬರು ಇಳಿದರು. "ಇವರು ಹುಡುಗನ ಸೋದರಮಾವ, ಪುಟ್ಟಬಸಪ್ಪನವರು. ನಮ್ಮನೇಲಿ ಇವರ ಮಾತೇ ಕೊನೇ ಮಾತು" ಎಂದು ಹುಡುಗನ ತಂದೆ ಪರಿಚಯಿಸಿದರು. ನಾನು ಕೈಮುಗಿದು ತಲೆಯೆತ್ತಿದೆ. ಮುಖ ಕಂಡಿತು. ಅವರ ಕಿವಿಯ ಹಿಂದೆ ಒಂದು ಚೂರು ಅಂಟು ಇನ್ನೂ ಹಾಗೇ ಇತ್ತು.

ಭೂಮಿ ಬಾಯಿಬಿಡಲಿಲ್ಲ. ನಾನು ಬಿಟ್ಟೆ.

"ಎಂಗಿದೆ ಸಾ ಗ್ವಾಡೆ? ಬಿದ್ದೋಗಿಲ್ವಲ್ಲ?" ಎಂದರು ಪುಟ್ಟಬಸಪ್ಪನವರು.

ಮೂರೂವರೆಯ ಬಿಸಿಲು ಗೋಡೆಗೆ ಬಡಿಯುತ್ತಿತ್ತು. ಎಲ್ಲರೂ ಹಜಾರಕ್ಕೆ ಬಂದರು. ಹುಡುಗನ ತಾಯಿ ಕೂರಲು ಹೋದವರು ಸೆರಗು ಮೂಗಿಗೆ ಒತ್ತಿಕೊಂಡು ಅಲ್ಲೇ ನಿಂತರು. ಊದುಬತ್ತಿಯನ್ನೆಲ್ಲ ಮೀರಿ ಸಮುದ್ರವೇ ಮನೆಗೆ ಬಂದಂತಿತ್ತು. ಪವಿತ್ರ ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು.

ಪುಟ್ಟಬಸಪ್ಪನವರು ದನಿ ತಗ್ಗಿಸಿದರು. "ಸಾ, ನೀವು ಮೊನ್ನೆ ಏಳಿದ್ದು ಒಂದನ್ನೂ ನಾನು ಮನಸ್ಸಿಗೆ ಆಕ್ಕಂಡಿಲ್ಲ. ಕಾಯಿ ಕೀಳೋನು ಕೂಲಿ ಜಾಸ್ತಿ ಕೇಳುದ್ರೆ ನಾನೂವೆ ತ್ವಾಟ ಒಣಗೋಯ್ತು ಕಣಪ್ಪಾ ಅಂತೀನಿ. ಕೆಲಸದೋರ ಮುಂದೆ ಯಾವನು ನಿಜ ಏಳ್ತಾನೆ? ನಿಮಗೆ ತಮ್ಮ ಇಲ್ಲ ಅಂತ ಬೀದಿ ತುದೀಲಿ ಕೇಳುದ್ಮೇಲೆ ನನಗೂ ನಗು ಬಂತು. ಆದ್ರೆ ವಾಸ್ನೆ ಸುಳ್ಳೇಳಾಕಿಲ್ಲ. ಲಿಂಗ ಕಟ್ದೋರ ಮನೆ ಅಂತೀರಿ, ಒಳಗೆ ಮೀನು ಬೇಯಿಸ್ತೀರಿ. ತಿನ್ನೋರು ತಿನ್ಲಿ, ತಪ್ಪಲ್ಲ. ಮುಚ್ಚಿಟ್ಟು ಹೆಣ್ಣು ಕೊಡೋದು ತಪ್ಪು. ಏಳಿ ಭಾವ, ಓಗಾನ."

"ಮೀನಾ? ನಮ್ಮನೇಲಾ? ಗುರುವಾಣೆಗೂ ಇಲ್ಲ!" ಎಂದು ಸರ್ವಮಂಗಳ ಅಳುವ ದನಿಯಲ್ಲಿ ಹೇಳಿದಳು.

"ಮತ್ತೆ ಎಲ್ಲಿಂದ ಬತ್ತದವ್ವಾ? ಗ್ವಾಡೆ ನಾನೇ ಕೈಯಾರೆ ಅಂಟಿಸಿವ್ನಿ. ಬೆಂಗಳೂರು ಮಾಲು, ಫಾರಿನ್ ಮಾಲು ಅಂದವ್ರೆ ಯಜಮಾನ್ರು."

ಎಲ್ಲರೂ ಎದ್ದು ನಿಂತರು. ಪವಿತ್ರ ತಟ್ಟೆ ಹಿಡಿದೇ ಎರಡು ಹೆಜ್ಜೆ ಮುಂದೆ ಬಂದಳು. ಕಿರಣ ಅವಳನ್ನೇ ನೋಡುತ್ತಿದ್ದ. ನನ್ನ ಮಾನ ಹೋಗಲಿ, ಈ ಹುಡುಗಿಯ ನಗು ಹೋಗಬಾರದು ಎನ್ನಿಸಿತು. ಗೋಡೆಯ ಹತ್ತಿರ ಹೋದೆ. ಹೂವಿನ ಕಾಗದವನ್ನು ಪರ್ರನೆ ಹರಿದೆ. ಒಂದು ಮುಚ್ಚಳ ಕಿತ್ತೆ. ಅಂಟಿಸಿದ್ದ ಪೇಪರನ್ನು ಉಗುರಿನಿಂದ ಕೆರೆದೆ. ಬಾಯಿ ತೆರೆದ ನೀಲಿ ಮೀನು ಹೊರಬಂತು!

"ಅಡುಗೆಮನೇಲಿ ಏನೂ ಇಲ್ಲ. ಮೀನು ಗೋಡೇಲಿದೆ. ಇವು ಮೀನಿನ ಪೆಟ್ಟಿಗೆ ಮುಚ್ಚಳಗಳು. ಅಗ್ಗಕ್ಕೆ ಸಿಕ್ತು ಅಂತ ಗುಜರಿಯಿಂದ ತಂದೆ. ಗೊತ್ತಿದ್ದೂ ಅಂಟಿಸಿದೆ. ಇವರಿಬ್ಬರಿಗೂ ಗೊತ್ತಿಲ್ಲ" ಎಂದೆ.

ನಾನು ಹೇಳಿ ಮುಗಿಸುವಷ್ಟರಲ್ಲಿ ಬಿಸಿಲಿಗೆ ಅಂಟು ಕರಗಿ ಇನ್ನೊಂದು ಮುಚ್ಚಳ ತಾನಾಗಿ ಬಿತ್ತು. ಆಮೇಲೆ ಮತ್ತೊಂದು. ಆಮೇಲೆ ಕಾಗದದ ಸಮೇತ ಪೂರಾ ಸಾಲೇ ಕಳಚಿಕೊಂಡು ಲೋಕೇಶನ ಇಸ್ತ್ರಿ ಪಂಚೆಯ ಮೇಲೆ ಬಿತ್ತು! ಕಿಟಕಿಯಲ್ಲಿದ್ದ ಬೆಕ್ಕುಗಳು ಒಳಗೆ ಹಾರಿದವು.

ಮೊದಲು ನಕ್ಕವನು ಕಿರಣ. ಆಮೇಲೆ ಪವಿತ್ರ. ಪುಟ್ಟಬಸಪ್ಪನವರು ಕೋಲು ಊರಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅಲ್ಲಾ ಸಾ, ಮೂರ್ ದಿವ್ಸದಿಂದ ನನ್ನ ಕೈ ವಾಸ್ನೆಗೆ ನಮ್ ಮನೇಲಿ ನನಗೆ ಬ್ಯಾರೆ ತಟ್ಟೆ ಇಟ್ಟವ್ರೆ! ಗೊಬ್ಬರದ ವಾಸ್ನೆ ಅಂದ್ಕಂಡಿದ್ದೆ ಕಣ್ಲಾ ಕಿರಣ, ಇದಾ!"

ಪವಿತ್ರ ತಟ್ಟೆ ಕೆಳಗಿಟ್ಟು, "ಎಲ್ಲರೂ ಒಳಗೆ ನಡುಮನೇಗೆ ಬನ್ನಿ, ಅಲ್ಲಿ ತಂಪಾಗಿದೆ" ಎಂದಳು. ಹೋದರು. ಅಜ್ಜನ ಮಣ್ಣುಗೋಡೆಯ ನಡುವೆ ಫ್ಯಾನೂ ಹಾಕದೆ ಹಾಯಾಗಿ ಕೂತು ಕಾಫಿ ಕುಡಿದರು. ಇದೇ ನಡುಮನೆಯಲ್ಲಿ ಮೊದಲೇ ಕೂರಿಸಬಹುದಿತ್ತು ಎಂದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಷೋಕೇಸು ತೋರಿಸುವುದು ಹೇಗೆ?

ರಾಹುಕಾಲಕ್ಕೆ ಮುಂಚೆಯೇ ಎಲ್ಲಾ ಒಪ್ಪಿಗೆಯಾಯಿತು. ಹೊರಡುವಾಗ ಪುಟ್ಟಬಸಪ್ಪನವರು ಸರ್ವಮಂಗಳಳ ಕಡೆ ತಿರುಗಿ, "ಅವ್ವಾ, ಇನ್ನು ಮಾತುಕತೆ ಎಲ್ಲಾ ನಿಮ್ ತಾವೇ ಆಡ್ತೀವಿ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮುಂದಿನ ವಾರ ನಾವು ಹುಡುಗನ ಮನೆ ನೋಡಲು ಚನ್ನರಾಯಪಟ್ಟಣಕ್ಕೆ ಹೋಗಬೇಕಿತ್ತು. ನನ್ನ ಹಳೆಯ ಉತ್ಸಾಹ ಮತ್ತೆ ತಲೆಯೆತ್ತಿತು. "ಅದಕ್ಕೂ ಮುಂಚೆ ನಾನೊಬ್ಬನೇ ಗುಟ್ಟಾಗಿ ಹೋಗಿ ಆ ಮನೆ ಹೆಂಗೆ ಅಂತ ವಿಚಾರಿಸ್ಕೊಂಡು ಬರ್ತೀನಿ" ಎಂದೆ.

"ಬೇಡ. ನೀವು ಹೋದ್ರೆ ಅವರ ಪಕ್ಕದ ಮನೆ ಹುಡುಗನಿಗೆ ಹೆಣ್ಣು ಕೊಟ್ಟು ಬರ್ತೀರಾ!" ಎಂದಳು ಸರ್ವಮಂಗಳ.

ತಾಯಿ ಮಗಳಿಬ್ಬರೂ ಹೋದರು. ಪುಟ್ಟಬಸಪ್ಪನವರೇ ಕಾರು ಕಳಿಸಿದ್ದರು. ನಾನು ಹಜಾರದಲ್ಲಿ ಏಣಿ ಹತ್ತಿ, ತಲೆಗೆ ಟವೆಲ್ಲು ಸುತ್ತಿಕೊಂಡು, ಲೋಕೇಶ್ ಶೀಟು ಹಾಕಲು ಮತ್ತೆ ಬರುವಷ್ಟರಲ್ಲಿ ಮುಗಿಯಲೆಂದು ಗೋಡೆಯ ಮೇಲಿನ ಅಂಟು ಕೆರೆಯುತ್ತಿದ್ದೆ. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಬಾಗಿಲಲ್ಲಿ ಇಣುಕಿ, "ಏನಪ್ಪಾ, ಮನೆ ಯಜಮಾನ್ರು ಇಲ್ವಾ?" ಎಂದು ಕೇಳಿದರು. ಇಲ್ಲ, ಸಂಜೆ ಬರ್ತಾರೆ ಎಂದೆ.